ಹಾಲನ್ನು ಕಿಲೋದಲ್ಲಿ ಕೊಳ್ಳುವ ಊರಿನಲ್ಲಿ ನಮ್ಮ ಮಾವ

ನಮ್ಮ ಸೋದರಮಾವನ ಜೊತೆ ಅಂಗಡಿಗೆ ಹೋಗುವ ಯೋಗ ನಿಮಗೇನಾದರೂ ಒದಗಿ ಬಂದರೆ, ದಯವಿಟ್ಟು ಊಟ ಮುಗಿಸಿಕೊಂಡು ಹೋಗಿ. ಸಾಧ್ಯವಾದರೆ ಕೂರಲು ಒಂದು ಮಡಚುವ ಕುರ್ಚಿಯನ್ನೂ ಒಯ್ಯಿರಿ! ಅವರು ಒಂದು ಬಾಟಲಿ ಎಣ್ಣೆ ಕೊಳ್ಳುವಷ್ಟರಲ್ಲಿ ಬೇರೆಯವರು ಮಗಳ ಮದುವೆಯ ಜವಳಿಯನ್ನೇ ಕೊಂಡು ಮುಗಿಸಿರುತ್ತಾರೆ. ಹಾಗಂತ ಮಾವ ಚೌಕಾಸಿ ಮಾಡುವವರು ಅಂದುಕೊಳ್ಳಬೇಡಿ. ಅಂಗಡಿಯವನು ಹೇಳಿದ ಬೆಲೆಗೆ ಅವರದ್ದು ಮರುಮಾತಿಲ್ಲ. ತಕರಾರು ಇರುವುದು ಬೇರೆ ಕಡೆ. ಇದನ್ನು ಅಳೆದು ಕೊಡುತ್ತೀಯೋ, ತೂಗಿ ಕೊಡುತ್ತೀಯೋ? ಅಳೆದರೆ ತೂಕವೆಷ್ಟು? ತೂಗಿದರೆ ಅಳತೆಯೆಷ್ಟು? ಇಷ್ಟಕ್ಕೆ ಉತ್ತರ ಗೊತ್ತಿಲ್ಲದವನು ತಕ್ಕಡಿಯ ಹಿಂದೆ ಯಾಕೆ ಕೂತಿದ್ದಾನೆ?

ಮಾವ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದವರು. ತೂಕ ಅಳತೆಯ ಇಲಾಖೆ ಇರಬೇಕು ಅಂದುಕೊಂಡಿರಾ? ಅಲ್ಲ ಸ್ವಾಮಿ! ಅವರ ಮೇಜಿಗೆ ಬರುತ್ತಿದ್ದದ್ದು ರಜೆ, ಬಡ್ತಿ, ವರ್ಗಾವಣೆಯ ಫೈಲುಗಳು. ಈ ಅಳತೆಯ ಹುಚ್ಚು ಹತ್ತಿಸಿದ್ದು ಕಚೇರಿಯಲ್ಲ, ದೆಹಲಿ. ಮೈಸೂರಿನ ಕಡೆ ಹುಟ್ಟಿ ಬೆಳೆದವರು ಅವರು. ಅಲ್ಲಿ ಅಕ್ಕಿ, ರಾಗಿ, ಹುರುಳಿ ಎಲ್ಲವನ್ನೂ ಸೇರು ಪಾವಿನಲ್ಲಿ ತುಂಬಿಸಿ ಅಳೆಯುತ್ತಿದ್ದರು. ಹಾಲು ಲೀಟರಿನಲ್ಲಿ ಬರುತ್ತಿತ್ತು. ತೂಗುವುದು ಬೆಲ್ಲ, ಹುಣಿಸೆಹಣ್ಣು, ಬಂಗಾರ ಇಂಥವನ್ನು ಮಾತ್ರ. ಹಾಗಿರುವಾಗ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿಗೆ ಬಂದಿಳಿದ ಮರುದಿನ ಬೆಳಿಗ್ಗೆ, ಪಕ್ಕದ ಮನೆಯಾಕೆ ಮೆಟ್ಟಿಲಲ್ಲಿ ನಿಂತು "ಭಯ್ಯಾ, ದೋ ಕಿಲೋ ದೂಧ್ ದೇನಾ" ಎಂದದ್ದು ಅವರ ಕಿವಿಗೆ ಬಿತ್ತು.

ಹಾಲು! ಎರಡು ಕಿಲೋ! ಮಾವ ಹಲ್ಲುಜ್ಜುತ್ತಿದ್ದವರು ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಹೊರಗೆ ಓಡಿ ಬಂದರಂತೆ. ಅಂದಿನಿಂದ ಅವರಿಗೆ ಹಿಡಿದದ್ದು ಇಂದಿನವರೆಗೂ ಬಿಟ್ಟಿಲ್ಲ.

ನಾನು ಗುರಗಾಂವಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ ಹಿಡಿದು ಬಂದದ್ದು ದೆಹಲಿಯ ತುಂಬ ಮೆಟ್ರೋಗಾಗಿ ಗುಂಡಿ ತೋಡುತ್ತಿದ್ದ ಕಾಲದಲ್ಲಿ. ವಾರವೆಲ್ಲ ಪೇಯಿಂಗ್ ಗೆಸ್ಟ್ ರೂಮಿನ ಆಲೂ ಪರಾಠಾ ತಿಂದು, ಶನಿವಾರ ಬಂದರೆ ಸಾಕು, ಎರಡು ಬಸ್ಸು ಬದಲಿಸಿ ಮಾವನ ಮನೆ ಸೇರುತ್ತಿದ್ದೆ. ಅತ್ತೆಯ ಕೈಯ ಸಾರು ಅನ್ನಕ್ಕೆ ಅಷ್ಟು ದೂರವೇನು, ಪಾಣಿಪತ್ತಿನಿಂದಲೂ ಬರುತ್ತಿದ್ದೆನೇನೋ! ಮಾವನ ಪಾಠಗಳು ಸಾರಿನ ಜೊತೆ ಬರುತ್ತಿದ್ದ ಸುಂಕ. ಕೊಡದೆ ವಿಧಿಯಿರಲಿಲ್ಲ.

ಹಾಲಿನವನ ಕಥೆ ಮೊದಲು ಹೇಳಿಬಿಡುತ್ತೇನೆ. ಮುನಿರ್ಕಾ ಕಡೆಯಿಂದ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಭಯ್ಯಾ ಅವನು. ಬಾಯಲ್ಲಿ ಕಿಲೋ ಎನ್ನುತ್ತಿದ್ದ, ಕೈಯಲ್ಲಿ ಲೀಟರಿನ ಅಳತೆಪಾತ್ರೆ ಹಿಡಿದು ಸುರಿಯುತ್ತಿದ್ದ. ಮಾವ ಒಂದು ದಿನ ಆ ಒಂದು ಲೀಟರ್ ಹಾಲನ್ನು ತೂಗಿ ನೋಡಿದರು. ಸಾವಿರ ಗ್ರಾಮಿಗಿಂತ ಸುಮಾರು ಮೂವತ್ತು ಗ್ರಾಂ ಹೆಚ್ಚೇ ಬಂತು. ಹಾಲು ನೀರಿಗಿಂತ ತುಸು ಭಾರ, ಅದು ಸಹಜವೇ. ನಾವು ನೀವಾದರೆ ಸುಮ್ಮನೆ ಕಾಫಿ ಮಾಡಿ ಕುಡಿಯುತ್ತಿದ್ದೆವು. ಮಾವನಿಗೆ ಮಾತ್ರ ಅಂದು ನಿದ್ದೆ ಹತ್ತಲಿಲ್ಲ. ಪಾಪ, ಬಡ ಹಾಲಿನವನು ಕಿಲೋ ಎಂದು ಹೇಳಿ ಕಿಲೋಗಿಂತ ಹೆಚ್ಚು ಕೊಡುತ್ತಿದ್ದಾನಲ್ಲ! ಬೆಳಿಗ್ಗೆ ಅವನನ್ನು ಮೆಟ್ಟಿಲ ಬಳಿಯೇ ತಡೆದು ನಿಲ್ಲಿಸಿದರು.

"ಭಯ್ಯಾ, ನಿನ್ನ ಒಂದು ಕಿಲೋ ಹಾಲನ್ನು ನಾನು ನಿನ್ನೆ ತೂಗಿ ನೋಡಿದೆ" ಎಂದು ತಮ್ಮ ಮೈಸೂರು ಹಿಂದಿಯಲ್ಲಿ ಶುರು ಮಾಡಿದರು.

ಅಷ್ಟು ಕೇಳಿದ್ದೇ ತಡ, ಅವನ ಮುಖ ಬಿಳಿಚಿಕೊಂಡಿತು. "ಸಾಬ್, ನಾವು ಹಾಲಿಗೆ ಒಂದು ಹನಿ ನೀರು ಬೆರೆಸಿದರೆ ನಮ್ಮ ಎಮ್ಮೆ ಸಾಯಲಿ!" ಎಂದು ಆಣೆ ಇಟ್ಟ.

"ನೀರಿನ ಮಾತು ಯಾರು ಎತ್ತಿದರು? ನೀರು ಬೆರೆತರೆ ತೂಕ ಕಿಲೋ ಹತ್ತಿರಕ್ಕೆ ಇಳಿಯುತ್ತೆ. ನಿನ್ನದು ಇಳಿದಿಲ್ಲ, ಅದೇ ನನ್ನ ತಕರಾರು!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗಾಯಿತು. ಈ ಮದ್ರಾಸಿ ಸಾಹೇಬರು ಯಾವುದೋ ಇಲಾಖೆಯ ಇನ್‌ಸ್ಪೆಕ್ಟರೇ ಇರಬೇಕು ಎಂದು ತೀರ್ಮಾನಿಸಿದ ಭಯ್ಯಾ ಮರುದಿನದಿಂದ ನಮ್ಮ ಬ್ಲಾಕಿನ ಕಡೆಗೇ ತಲೆ ಹಾಕಲಿಲ್ಲ. ಇಡೀ ಬ್ಲಾಕಿನವರು ಡೈರಿಯ ಹಾಲಿನ ಬೂತಿನ ಮುಂದೆ ಕ್ಯೂ ನಿಲ್ಲಬೇಕಾಯಿತು.

"ಲೋಕದಲ್ಲಿ ಹಾಲು ನೀರಾಗಿದೆ ಅಂತ ಜಗಳ ಆಡ್ತಾರೆ. ಹಾಲು ಗಟ್ಟಿಯಾಗಿದೆ ಅಂತ ಜಗಳ ಆಡಿ ಹಾಲಿನವನನ್ನ ಓಡಿಸಿದವರು ಇವರೊಬ್ಬರೇ ಕಣೆ!" ಎಂದು ಅತ್ತೆ ನನ್ನೆದುರು ಹಣೆ ಚಚ್ಚಿಕೊಂಡರು.

ಬೇರೆಯವರ ಮನೆಯ ಶೋಕೇಸಿನಲ್ಲಿ ಅಮೃತಶಿಲೆಯ ತಾಜಮಹಲ್ ಇದ್ದರೆ, ಮಾವನ ಮನೆಯದರಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇತ್ತು. ಪಾರದರ್ಶಕ, ಮೇಲ್ಗಡೆ ತೆರೆದದ್ದು, ಉದ್ದ ಹತ್ತು ಸೆಂಟಿಮೀಟರು, ಅಗಲ ಹತ್ತು, ಎತ್ತರವೂ ಹತ್ತು. ಸರೋಜಿನಿ ನಗರದ ಬೋರ್ಡ್ ಬರೆಯುವವನ ಹತ್ತಿರ ಹೇಳಿ ಮಾಡಿಸಿದ್ದು. ಮನೆಗೆ ಬಂದ ಅತಿಥಿಗೆ ಕಾಫಿ ಬರುವ ಮೊದಲು ಆ ಪೆಟ್ಟಿಗೆ ಬರುತ್ತಿತ್ತು. "ಇದರ ತುಂಬ ನೀರು ಹಿಡಿದರೆ ಎಷ್ಟು? ಒಂದು ಲೀಟರ್. ಆ ನೀರನ್ನು ತೂಗಿದರೆ ಎಷ್ಟು? ಒಂದು ಕಿಲೋ. ಎಲ್ಲ ಕಡೆ ಒಂದೇ ಸೆಂಟಿಮೀಟರಿನ ಪುಟ್ಟ ಪೆಟ್ಟಿಗೆ ಮಾಡಿದರೆ ಒಂದು ಮಿಲಿಲೀಟರ್, ತೂಕ ಒಂದು ಗ್ರಾಂ. ಉದ್ದ, ಅಳತೆ, ತೂಕ ಮೂರೂ ಒಂದೇ ಮನೆಯ ಅಣ್ಣತಮ್ಮಂದಿರು. ನೋಡಿ, ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾರೆ! ನಮ್ಮ ಮನೆತನದಲ್ಲಿ ಹೀಗೆ ಹೊಂದಿಕೊಂಡು ಹೋದವರನ್ನ ನೀವು ಕಂಡಿದ್ದೀರಾ?"

ಒಮ್ಮೆ ಊರಿನ ಕಡೆಯ ನೆಂಟರೊಬ್ಬರು ಹರಿದ್ವಾರಕ್ಕೆ ಹೋಗುವ ದಾರಿಯಲ್ಲಿ ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹದಲ್ಲಿ ಇಳಿದುಕೊಂಡಿದ್ದರು. ಊಟಕ್ಕೆ ಬಂದರು. ಮಾವ ಪೆಟ್ಟಿಗೆ ಕೈಗಿತ್ತರು. ಪೂರ್ತಿ ಪಾಠವನ್ನು ಭಕ್ತಿಯಿಂದ ಕೇಳಿದ ಆ ಹಿರಿಯರು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲ ಸರಿ ರಾಯರೇ, ಇದಕ್ಕೆ ಮುಚ್ಚಳ ಎಲ್ಲಿ? ಗಂಗಾಜಲ ಚೆಲ್ಲಿ ಹೋಗಲ್ವಾ?" ಎಂದರು.

ಮಾವ ಆ ದಿನ ಊಟದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಅವರ ಮಗಳು ಶ್ವೇತಾಳಿಗೆ ಇದೆಲ್ಲ ತಲೆನೋವು. ದೆಹಲಿಯಲ್ಲೇ ಹುಟ್ಟಿ ಕಾಲೇಜು ಮೆಟ್ಟಿಲು ಹತ್ತಿದವಳು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುವಾಗ ಅರ್ಧ ದಾರಿಯಲ್ಲಿ ಹಿಂದಿಯಾಗುತ್ತಿತ್ತು. "ಅಕ್ಕಾ, ಪಪ್ಪಾ ನನ್ನ ಫ್ರೆಂಡ್ಸ್ ಮುಂದೆ ಜೇನಿನ ಬಾಟಲ್ ಇಟ್ಕೊಂಡು ಲೆಕ್ಚರ್ ಕೊಡ್ತಾರೆ. ಇತನೀ ಬೇಇಜ್ಜತೀ!" ಎಂದು ಅವಮಾನದಿಂದ ನನ್ನ ಹತ್ತಿರ ಗೋಳಾಡುತ್ತಿದ್ದಳು. ಜೇನು ನೀರಿಗಿಂತ ಬಹಳ ಭಾರವಂತೆ, ಅದಕ್ಕೇ ಅರ್ಧ ಕಿಲೋ ಜೇನಿನ ಬಾಟಲಿ ನೋಡಲು ಸಣ್ಣದಂತೆ. ಎಣ್ಣೆ ಹಗುರವಂತೆ, ಅದಕ್ಕೇ ಒಂದು ಲೀಟರ್ ಎಣ್ಣೆ ಒಂದು ಕಿಲೋ ತೂಗುವುದಿಲ್ಲವಂತೆ, ಒಂಬೈನೂರ ಹತ್ತು ಗ್ರಾಂ ಆಸುಪಾಸಂತೆ. ಮೂರು ಹುಡುಗಿಯರು ಸಿನಿಮಾಕ್ಕೆ ಹೊರಟವರು ಇದನ್ನು ಕೇಳಿಸಿಕೊಂಡು ನಿಂತಿದ್ದರಂತೆ. ಸಿನಿಮಾ ಅರ್ಧ ಮುಗಿದಿತ್ತಂತೆ.

ಆದರೆ ಇದೇ ಶ್ವೇತಾ ಒಮ್ಮೆ ಅಪ್ಪನಿಗೆ ಜನ್ಮದಲ್ಲಿ ಮರೆಯಲಾಗದ ಸಂತೋಷ ಕೊಟ್ಟಳು. ಆಯುಧಪೂಜೆ ಬಂದಿತ್ತು. ನಮ್ಮ ಕಡೆ ಆಯುಧಪೂಜೆ ಅಂದರೆ ಕಡಲೆಪುರಿ ಹಂಚಲೇಬೇಕಲ್ಲ? ಮಾವ ಸ್ಕೂಟರಿಗೆ ಪೂಜೆ ಮಾಡಿ ತಮ್ಮ ಸೆಕ್ಷನ್ನಿಗೆಲ್ಲ ಪುರಿ ಹಂಚುತ್ತಿದ್ದರು. ಊರಿನಲ್ಲಿ ಪುರಿಯನ್ನೂ ಅಳೆದೇ ಕೊಡುವುದು. ಆ ರೂಢಿಯಲ್ಲಿ ಅತ್ತೆ ಮಗಳಿಗೆ, "ಹತ್ತು ಸೇರು ಪುರಿ ತಗೊಂಡು ಬಾ, ಆಟೋದಲ್ಲಿ ಬಾ" ಎಂದು ಹೇಳಿ ಕಳಿಸಿದರು.

ಶ್ವೇತಾ ಅಂಗಡಿಯಲ್ಲಿ ನಿಂತು ಯೋಚಿಸಿದಳು. ದೆಹಲಿಯ ಅಂಗಡಿಯಲ್ಲಿ ಪುರಿಯನ್ನು ತೂಗಿ ಕೊಡುತ್ತಾರೆ. ಸೇರು ಅಂದರೆ ಹೆಚ್ಚುಕಡಿಮೆ ಕಿಲೋ ತಾನೆ? ಅಕ್ಕಿಯ ಲೆಕ್ಕದಲ್ಲಿ ಅಮ್ಮ ಹಾಗೇ ಅನ್ನುತ್ತಿರುತ್ತಾಳೆ. "ಭಯ್ಯಾ, ದಸ್ ಕಿಲೋ ಮುರ್ಮುರಾ!"

ಸಂಜೆ ನಾನು ಕ್ವಾರ್ಟರ್ಸಿನ ಗೇಟು ದಾಟುವಾಗ ಒಂದು ಆಟೋ ನನ್ನ ಪಕ್ಕದಲ್ಲೇ ಬಂದು ನಿಂತಿತು. ಒಳಗೆ ಮನುಷ್ಯರು ಕಾಣಲಿಲ್ಲ, ಬರೀ ಮೂಟೆ. ಮೂಟೆಗಳ ಸಂದಿಯಿಂದ "ಅಕ್ಕಾ, ಬಚಾವೋ" ಎಂಬ ಧ್ವನಿ ಬಂತು! ಆಟೋದವನು ಇಳಿದು ನಗುವುದಕ್ಕೆ ಶುರು ಮಾಡಿದವನು ಬಾಡಿಗೆ ಇಸಿದುಕೊಳ್ಳುವವರೆಗೂ ನಿಲ್ಲಿಸಲಿಲ್ಲ. ಅತ್ತೆ ಮಹಡಿಯ ಬಾಲ್ಕನಿಯಿಂದ ನೋಡಿದವರು ಸೊಂಟದ ಮೇಲೆ ಕೈಯಿಟ್ಟು, "ಹತ್ತು ಸೇರು ಅಂದೆ ಕಣೇ, ಹತ್ತು ಮನೆಗೆ ಆಗುವಷ್ಟು ಅಂದೆನಾ?" ಎಂದರು.

ಮಾವ ಮಾತ್ರ ಹಬ್ಬದ ಮುಖ ಮಾಡಿಕೊಂಡು ಮೆಟ್ಟಿಲಿಳಿದು ಬಂದರು. ಒಂದು ಮೂಟೆಯನ್ನು ಒಂದೇ ಕೈಯಲ್ಲಿ ಎತ್ತಿ ತಲೆಯ ಮೇಲಿಟ್ಟುಕೊಂಡರು. "ನೋಡಿ, ಎಲ್ಲರೂ ನೋಡಿ! ಇಷ್ಟು ವರ್ಷದಿಂದ ನಾನು ಬಡಕೊಳ್ತಿರೋದು ಇದನ್ನೇ. ಹಿಡಿಯೋ ಜಾಗ ಬೇರೆ, ಇರೋ ಭಾರ ಬೇರೆ! ನೀರಾದರೆ ಒಂದು ಲೀಟರಿನ ಜಾಗಕ್ಕೆ ಒಂದು ಕಿಲೋ ಭಾರ. ಪುರಿಗೆ ಹತ್ತು ಕಿಲೋ ಭಾರ ಬರಬೇಕಾದರೆ ಆಟೋ ತುಂಬಬೇಕು. ನಮ್ಮ ಜಾಯಿಂಟ್ ಸೆಕ್ರೆಟರಿ ಇದ್ದಾರಲ್ಲ, ಅವರೂ ಈ ಪುರಿ ಜಾತಿಯೇ. ರೂಮೆಲ್ಲ ಅವರೇ ತುಂಬಿರ್ತಾರೆ, ಫೈಲಿನಲ್ಲಿ ನೋಡಿದರೆ ಏನೂ ಇಲ್ಲ!"

ದೀಪಾವಳಿಯವರೆಗೆ ನಮ್ಮ ಬ್ಲಾಕಿನವರೆಲ್ಲ ಚುರುಮುರಿ ತಿಂದರು. ಕಾವಲುಗಾರ, ಇಸ್ತ್ರಿಯವಳು, ಕಸ ಒಯ್ಯುವವನು, ಪಕ್ಕದ ಮನೆಯ ಪಂಜಾಬಿ ಆಂಟಿ, ಯಾರೂ ತಪ್ಪಿಸಿಕೊಳ್ಳಲಾಗಲಿಲ್ಲ. ನಾನು ಗುರಗಾಂವಿನ ಕಚೇರಿಗೂ ಒಂದು ಚೀಲ ಒಯ್ದೆ.

ಇಷ್ಟು ಹೊತ್ತು ನಕ್ಕದ್ದಾಯಿತು. ಮುಂದಿನದನ್ನು ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದೇನೆ. ನಗುತ್ತಲೇ ಹೇಳುತ್ತೇನೆ, ನಾವು ಆಗಲೂ ನಗುತ್ತಲೇ ಇದ್ದೆವು.

ಆ ವರ್ಷದ ಚಳಿಗಾಲ ಕಳೆಯುವಷ್ಟರಲ್ಲಿ ಅತ್ತೆಗೆ ಎರಡು ಮಹಡಿ ಹತ್ತುವುದು ಕಷ್ಟವಾಗತೊಡಗಿತು. ಮೊದಲ ಮಹಡಿಯಲ್ಲೇ ಕೂತು ಏದುಸಿರು ಬಿಡುತ್ತಿದ್ದರು. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ವಯಸ್ಸಾಯಿತು ಎಂದರು, ಗ್ಯಾಸು ಎಂದರು, ದೆಹಲಿಯ ಧೂಳು ಎಂದರು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ ಎಂದಾಗ ಮಾವ ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೃದಯ ದುರ್ಬಲವಾಗಿದೆ, ಮೈಯಲ್ಲಿ ನೀರು ನಿಲ್ಲುತ್ತಿದೆ, ಅದು ಹೆಚ್ಚಾದರೆ ಉಸಿರಿಗೇ ಸಂಚಕಾರ ಎಂದರು. ಮಾತ್ರೆ ಬರೆದುಕೊಟ್ಟರು. ಉಪ್ಪು ಕಡಿಮೆ ಮಾಡಿ ಎಂದರು. ಕಾಫಿ, ಮಜ್ಜಿಗೆ, ಸಾರು, ನೀರು ಎಲ್ಲ ಸೇರಿ ದಿನಕ್ಕೆ ಒಂದೇ ಲೀಟರ್ ಎಂದರು. ದಿನಾ ಬೆಳಿಗ್ಗೆ ತೂಕ ನೋಡಿ, ದಿಢೀರನೆ ಒಂದು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು, ಕಾಯಬೇಡಿ, ಕರೆದುಕೊಂಡು ಬನ್ನಿ ಎಂದರು.

ಮಾವ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ! ಜೀವನದಲ್ಲಿ ಮೊದಲ ಸಲ ಯಾರೋ ಲೀಟರ್ ಮತ್ತು ಕಿಲೋ ಎರಡನ್ನೂ ಒಂದೇ ಮಾತಿನಲ್ಲಿ ಸರಿಯಾಗಿ ಹೇಳಿದ್ದರು. ಖುಷಿಪಡಬೇಕಾಗಿದ್ದ ಮನುಷ್ಯ ಆಟೋದಲ್ಲಿ ಕೂತು ಮನೆಯವರೆಗೂ ಹೊರಗೇ ನೋಡುತ್ತಿದ್ದರು. ಇಳಿಯುವಾಗ ಮಾತ್ರ, "ಒಂದು ಲೀಟರ್ ನಿಂತರೆ ಒಂದು ಕಿಲೋ. ಗೊತ್ತಾಗುತ್ತೆ. ನನಗೆ ಗೊತ್ತಾಗದೇ ಇರಲ್ಲ" ಎಂದರು. ಯಾರಿಗೆ ಹೇಳಿದರೋ, ತಿಳಿಯದು.

ಮರುದಿನದಿಂದ ಅಡುಗೆಮನೆ ಮಾವನ ವಶಕ್ಕೆ ಹೋಯಿತು. ಬೆಳಗಿನ ಕಾಫಿ ಇಷ್ಟು ಮಿಲಿ, ಮಾತ್ರೆ ನುಂಗಲು ಇಷ್ಟು, ಮಧ್ಯಾಹ್ನದ ಸಾರು ಇಷ್ಟು. ಕೆಮ್ಮಿನ ಔಷಧಿಯ ಮುಚ್ಚಳ ಮನೆಯ ಅಧಿಕೃತ ಮಾಪನವಾಯಿತು. ಅತ್ತೆಗೆ ಬಾಯಾರಿದರೆ ಎರಡು ಮುಚ್ಚಳ! ಅತ್ತೆ ಅದನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿ, "ತೀರ್ಥ ಕೊಟ್ಟಿದ್ದಾರೆ ನಮ್ಮ ಅರ್ಚಕರು, ತಗೊಂಡು ತಲೆಗೆ ಒರೆಸಿಕೊಳ್ಳಲೇನೆ?" ಎನ್ನುತ್ತಿದ್ದರು.

ಮಾವ ಅಲ್ಲಿಗೇ ನಿಲ್ಲುವವರೇ? ಊಟದಲ್ಲೂ ನೀರಿರುತ್ತದಲ್ಲ ಎಂಬ ಸಂಶಯ ಬಂತು. ಅನ್ನದಲ್ಲಿ ನೀರಿದೆ, ಇಡ್ಲಿಯಲ್ಲಿ ನೀರಿದೆ. ಎಷ್ಟಿದೆ? ಎರಡು ಇಡ್ಲಿ ತೂಗಿ, ತಟ್ಟೆಯಲ್ಲಿಟ್ಟು, ದೆಹಲಿಯ ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲೆ ಒಣಗಲು ಇಟ್ಟರು. ಒಣಗಿದ ಮೇಲೆ ತೂಗಿದರೆ ಕಡಿಮೆಯಾದಷ್ಟೂ ನೀರು ತಾನೆ? ಲೆಕ್ಕ ಸರಿಯಾಗಿಯೇ ಇತ್ತು. ಸಂಜೆ ಹೋಗಿ ನೋಡಿದರೆ ತಟ್ಟೆಯಲ್ಲಿ ಒಂದೇ ಇಡ್ಲಿ! ಇನ್ನೊಂದು ಕಾಗೆಯ ಪಾಲಾಗಿತ್ತು. ಆದರೂ ಬಿಡದೆ ಉಳಿದ ಇಡ್ಲಿಯ ಲೆಕ್ಕ ಹಿಡಿದು ಡಾಕ್ಟರಿಗೆ ಫೋನು ಮಾಡಿದರು. ಆ ತಾಯಿ ನಗು ತಡೆದುಕೊಂಡು, ಇಡ್ಲಿ ಅನ್ನ ಬಿಟ್ಟುಬಿಡಿ, ಕುಡಿಯುವುದನ್ನು ಮಾತ್ರ ಅಳೆಯಿರಿ ಎಂದರಂತೆ. "ಅದನ್ನ ಕಾಗೆ ಬೆಳಿಗ್ಗೇನೇ ಹೇಳಿತ್ತು, ನೀವು ಕೇಳಲಿಲ್ಲ" ಎಂದರು ಅತ್ತೆ.

ಮೇ ತಿಂಗಳು ಬಂತು. ದೆಹಲಿಯ ಮೇ ನಿಮಗೆ ಗೊತ್ತಿದ್ದರೆ ಬೇರೆ ಹೇಳಬೇಕಾಗಿಲ್ಲ. ಬಿಸಿಗಾಳಿ ಕಿಟಕಿಯ ಸಂದಿಯಿಂದ ನುಗ್ಗುತ್ತಿತ್ತು, ಕರೆಂಟು ಹೋದರೆ ಕೂಲರು ನಿಂತು ಮನೆ ಒಲೆಯಾಗುತ್ತಿತ್ತು. ಆರೋಗ್ಯವಾಗಿದ್ದ ನಾವೇ ಹೊತ್ತುಹೊತ್ತಿಗೆ ಬಾಟಲಿ ಎತ್ತುತ್ತಿದ್ದೆವು. ಅತ್ತೆಯ ಬಾಯಿ ಒಣಗುತ್ತಿತ್ತು. ಮೊದಮೊದಲು ತಮಾಷೆ ಮಾಡುತ್ತಿದ್ದವರು ಆಮೇಲೆ ಬೈದರು, ಆಮೇಲೆ ಕಾಡಿದರು. ಒಂದು ಮಧ್ಯಾಹ್ನ ನಾನೇ ಕಂಡೆ: "ರೀ, ಒಂದೇ ಒಂದು ಗುಟುಕು. ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅತ್ತೆ ಅಂಗಲಾಚಿದರು. ಮಾವ ಗೋಡೆ ನೋಡುತ್ತ, "ಇವತ್ತಿನದು ಮುಗೀತು ಕಣೆ" ಎಂದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಕೇಳಿದವರಿಗೆ ನೀರು ಇಲ್ಲ ಅನ್ನಬಾರದು ಎಂದು ನಮಗೆಲ್ಲ ಹೇಳಿಕೊಟ್ಟವರೇ ಅತ್ತೆ. ಬಾಗಿಲಿಗೆ ಬಂದ ಪೋಸ್ಟ್‌ಮನ್ನಿಗೂ ನೀರು ಕೊಡದೆ ಕಳಿಸಿದವರಲ್ಲ. ಅಂಥವರಿಗೆ ಸ್ವಂತ ಗಂಡ ನೀರಿಲ್ಲ ಎನ್ನುತ್ತಿದ್ದಾರೆ. ನನಗೆ ಮಾವನ ಮೇಲೆ ಸಿಟ್ಟು ಬಂತು. ಈ ಮನುಷ್ಯನಿಗೆ ಅಳತೆ ಒಂದೇ ಮುಖ್ಯ, ಕರುಳಿಲ್ಲ ಅಂದುಕೊಂಡೆ. ಶ್ವೇತಾಳಂತೂ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಜೂನಿನ ಒಂದು ಭಾನುವಾರ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತ ಅತ್ತೆಯ ತೂಕ ಎರಡು ದಿನದಲ್ಲಿ ಒಂದೂವರೆ ಕಿಲೋ ಏರಿತ್ತು. ಮಾವ ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಕದ್ದು ಕುಡಿದೆಯಾ?"

"ನನ್ನ ಮಗಳಾಣೆ ಇಲ್ಲ ರೀ. ನಾನು ಆರಾಮಾಗೇ ಇದ್ದೀನಿ. ಉಸಿರೂ ಚೆನ್ನಾಗಿದೆ."

"ಪಪ್ಪಾ, ಈ ಮಶೀನ್ ಹಳೇದು. ಸ್ಪ್ರಿಂಗ್ ಖರಾಬ್ ಆಗಿದೆ ಅಷ್ಟೇ. ಅಮ್ಮನ್ನ ಸುಮ್ಮನೆ ಬಿಸಿಲಲ್ಲಿ ಯಾಕೆ ಎಳ್ಕೊಂಡು ಹೋಗ್ತೀರಾ? ನಾಳೆ ನೋಡೋಣ, ಪ್ಲೀಸ್" ಎಂದು ಮಾತು ಬಿಟ್ಟಿದ್ದ ಶ್ವೇತಾಳೇ ಹೇಳಿದಳು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು.

ಮಾವ ಬಚ್ಚಲಿನಿಂದ ಖಾಲಿ ಬಕೀಟು ತಂದು ಕೈಯಲ್ಲಿ ಹಿಡಿದು ಯಂತ್ರದ ಮೇಲೆ ನಿಂತರು. ಮುಳ್ಳು ಎಲ್ಲಿದೆ ನೋಡು ಎಂದು ನನಗೆ ಹೇಳಿದರು. ಆಮೇಲೆ ಲೀಟರಿನ ಜಗ್ಗಿನಿಂದ ಒಂದೊಂದಾಗಿ ಹತ್ತು ಲೀಟರ್ ನೀರು ಬಕೀಟಿಗೆ ಸುರಿಸಿದರು, ಮತ್ತೆ ಹತ್ತಿ ನಿಂತರು. ಮುಳ್ಳು ಸರಿಯಾಗಿ ಹತ್ತು ಕಿಲೋ ಸರಿದಿತ್ತು. ಕೂದಲಿನಷ್ಟೂ ಆಚೀಚೆ ಇಲ್ಲ.

"ನೀರು ಸುಳ್ಳು ಹೇಳಲ್ಲ. ಯಂತ್ರ ಸರಿಯಾಗಿದೆ. ನಿಮ್ಮಮ್ಮನ ಮೈಯಲ್ಲಿ ನೀರು ನಿಂತಿದೆ. ಆಟೋ ಕರಿ" ಎಂದರು. ಬಕೀಟು ಕೆಳಗಿಟ್ಟು ಗೋಡೆಗೆ ಕೈ ಊರಿ ನಿಂತರು. ಭಾರಕ್ಕೆ ಇರಬೇಕು ಅಂದುಕೊಂಡೆ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರು ಇದ್ದರು. ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದರು, ಎಕ್ಸ್‌ರೇ ತೆಗೆಸಿದರು, ಮಂಚಕ್ಕೆ ಹಾಕಿ ಇಂಜೆಕ್ಷನ್ ಕೊಟ್ಟರು. ಶ್ವಾಸಕೋಶದಲ್ಲಿ ನೀರು ಸೇರಲು ಶುರುವಾಗಿತ್ತಂತೆ. "ಒಳ್ಳೆಯ ಕೆಲಸ ಮಾಡಿದಿರಿ ಅಂಕಲ್. ನಾಳೆಯವರೆಗೆ ಕಾದಿದ್ದರೆ ಕಷ್ಟವಾಗುತ್ತಿತ್ತು" ಎಂದು ಹಿಂದಿಯಲ್ಲಿ ಹೇಳಿದರು. ಶ್ವೇತಾ ಅಪ್ಪನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಮಾವ ಮಂಚದ ಕಂಬಿ ಹಿಡಿದುಕೊಂಡವರು ಹಾಗೇ ಜಾರಿ ನೆಲಕ್ಕೆ ಕೂತುಬಿಟ್ಟರು. ಕಣ್ಣು ಮೇಲಾಗಿತ್ತು. ನಾನು ಕಿರುಚಿಕೊಂಡೆ. ನರ್ಸು ಓಡಿ ಬಂದಳು. ನಾವೆಲ್ಲ ಸೇರಿ ಎತ್ತಿ ಪಕ್ಕದ ಖಾಲಿ ಮಂಚದ ಮೇಲೆ ಮಲಗಿಸಿದೆವು. ಡಾಕ್ಟರು ನಾಡಿ ನೋಡಿದರು, ನಾಲಿಗೆ ನೋಡಿದರು, ಕೈಯ ಚರ್ಮವನ್ನು ಚಿವುಟಿ ನೋಡಿದರು. ಚಿವುಟಿದ ಚರ್ಮ ಹಾಗೇ ಎದ್ದು ನಿಂತಿತ್ತು.

"ಅಂಕಲ್, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ?"

ಮಾವ ಕಣ್ಣು ತೆರೆದರು. ಒಮ್ಮೆ ಅತ್ತೆಯ ಮಂಚದ ಕಡೆ ನೋಡಿದರು, ಕಳ್ಳತನ ಸಿಕ್ಕಿಬಿದ್ದ ಮುಖ. ಆಮೇಲೆ ಮೆಲ್ಲಗೆ ಹೇಳಿದರು.

"ಒಂದು ಲೀಟರ್."

ಡಾಕ್ಟರಿಗೆ ಅರ್ಥವಾಗಲಿಲ್ಲ. "ಅದು ಆಂಟಿಗೆ ಹೇಳಿದ್ದು! ಈ ಬಿಸಿಲಿನಲ್ಲಿ, ಓಡಾಡುವ ನಿಮಗೆ, ಅದೆಲ್ಲಿ ಸಾಲುತ್ತೆ? ಯಾವಾಗಿನಿಂದ ಹೀಗೆ?"

"ಅವಳಿಗೆ ನೀವು ಹೇಳಿದ ದಿನದಿಂದ."

ಶ್ವೇತಾ ಬಾಯಿಗೆ ಕೈ ಅಡ್ಡ ಹಿಡಿದಳು. ಬಕೀಟು ಹಿಡಿದು ನಿಂತಾಗ ನಾನು ಮುಳ್ಳು ಎಷ್ಟು ಸರಿಯಿತು ಎಂದು ನೋಡಿದ್ದೆನೇ ಹೊರತು, ಎಲ್ಲಿಂದ ಸರಿಯಿತು ಎಂದು ಯೋಚಿಸಿರಲಿಲ್ಲ. ಮಾವ ಎಷ್ಟು ಸೊರಗಿದ್ದರು! ಕತ್ತಿನ ಗುಂಡಿ ಹಾಕಿದರೂ ಅಂಗಿಯ ಕಾಲರು ಸಡಿಲವಾಗಿ ನಿಂತಿತ್ತು. ಕರುಳಿಲ್ಲದ ಮನುಷ್ಯ ಅಂದುಕೊಂಡ ನನ್ನ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು.

ಅತ್ತೆ ಅಷ್ಟೂ ಹೊತ್ತು ದಿಂಬಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದರು. "ನಿಮಗೇನು ಬುದ್ಧಿಗಿದ್ಧಿ ಇದೆಯೇನ್ರೀ?" ಎಂದು ಕೇಳಿದರು. "ನೀವು ನೀರು ಬಿಟ್ಟರೆ ನನ್ನ ಕಾಲಿನ ನೀರು ಇಳಿಯುತ್ತಾ? ಅದ್ಯಾವ ಊರಿನ ಲೆಕ್ಕ?"

"ಲೆಕ್ಕ ಅಲ್ಲ ಕಣೆ" ಎಂದರು ಮಾವ. "ನಿನಗೆ ಇಲ್ಲ ಅಂತ ಹೇಳಿ, ಅಡುಗೆಮನೆಗೆ ಹೋಗಿ ನಾನು ಹೇಗೆ ಕುಡೀಲಿ? ಗಂಟಲಲ್ಲಿ ಇಳೀಬೇಕಲ್ಲ."

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವರು ಮೇಜಿನ ಮೇಲಿದ್ದ ಸ್ಟೀಲಿನ ಜಗ್ಗು ಎತ್ತಿ, ಲೋಟಕ್ಕೆ ನೀರು ಬಗ್ಗಿಸಿ ಮಾವನ ಕಡೆ ಚಾಚಿದರು. ಮಾವ ತಲೆಯಾಡಿಸಿದರು. ಅತ್ತೆ, "ಇಲ್ಲಿ ಕೊಡಿ" ಎಂದು ಕೈ ನೀಡಿ ಆ ಲೋಟ ಇಸಿದುಕೊಂಡರು. ಎರಡು ಮಂಚಗಳ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ಅತ್ತೆ ಬಗ್ಗಿ, ತಾವೇ ಬಾಯಾರಿದ್ದರೂ ತಮ್ಮ ಕೈಯಿಂದಲೇ ಲೋಟವನ್ನು ಅವರ ತುಟಿಗೆ ಹಿಡಿದರು.

"ಕುಡೀರಿ. ನನ್ನ ಎದುರಿಗೇ ಕುಡೀರಿ. ನೀವು ಕುಡಿಯೋದು ನೋಡಿದರೆ ನನಗೇನೂ ಹೊಟ್ಟೆಕಿಚ್ಚಾಗಲ್ಲ ಮಾರಾಯರೇ, ಜೀವ ತಂಪಾಗುತ್ತೆ."

ಮಾವ ಕುಡಿದರು. ಮಕ್ಕಳು ಕುಡಿಯುವ ಹಾಗೆ ಗಟಗಟ ಕುಡಿದರು, ಗಲ್ಲದ ಮೇಲೆಲ್ಲ ಸುರಿಸಿಕೊಂಡು, ಬಿಕ್ಕುತ್ತ. ಅತ್ತೆ ಸೆರಗಿನ ತುದಿಯಿಂದ ಅವರ ಗಲ್ಲ ಒರೆಸಿ, ಖಾಲಿ ಲೋಟವನ್ನು ನನ್ನ ಕಡೆ ಚಾಚಿ ಹೇಳಿದರು:

"ಇನ್ನೊಂದು ತುಂಬಿಸಮ್ಮ."